ಬಾಗೇವಾಡಿಯ ದಾಸೋಹ ಮತ್ತು ಶಿಲುಬೆಯ ಬಲಿ

1876–78ರ ಬರಗಾಲದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳು ತತ್ತರಿಸಿದವು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ದಿನಗೂಲಿಯನ್ನು 1 ಪೌಂಡ್ ಧಾನ್ಯ ಹಾಗೂ ಅಲ್ಪ ಕಾಸಿಗೆ ಇಳಿಸಿದನು. ಅಲ್ಲಿ ಕೊಡುವ ಕೈ ಪಡೆಯುವವನ ಹಸಿವನ್ನು ತೂಗುತ್ತಿತ್ತು.

ಅದೇ ಬಾಗೇವಾಡಿಯಲ್ಲಿ 12ನೆಯ ಶತಮಾನದಲ್ಲಿ ಜನಿಸಿದನೆಂದು ಪರಂಪರೆ ಹೇಳುವ ಬಸವಣ್ಣನು ಪಶುಬಲಿಯನ್ನು ಖಂಡಿಸಿ, ದಾಸೋಹವನ್ನು ಬೋಧಿಸಿದನು. ಅದರಲ್ಲಿ ಕೊಡುವವನೇ ದಾಸನು. ಕಾಯಕದ ಫಲವು ಅವನ ಸ್ವಂತದ್ದಲ್ಲ. ಹೋಶೇಯನೂ ಯಜ್ಞಕ್ಕಿಂತ ಕರುಣೆಯನ್ನು ಮುಂದಿಟ್ಟನು. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ತೋರಿಸುವ ಕ್ರಿಸ್ತನು ದಾಸರೂಪವನ್ನು ಧರಿಸಿ ತನ್ನನ್ನೇ ಬರಿದು ಮಾಡಿಕೊಂಡವನು. ಆದರೆ ಶಿಲುಬೆಯಲ್ಲಿ ಅರ್ಪಿತವಾದದ್ದು ದುಡಿಮೆಯ ಫಲವಲ್ಲ, ಪ್ರಾಣವೇ.

ಆದುದರಿಂದ ಬರದ ನಾಡಿನಲ್ಲಿ ಸೇವೆಗೈಯುವ ನಾವು ಅನ್ನಕ್ಕೆ ಪ್ರತಿಯಾಗಿ ಕೃತಜ್ಞತೆಯನ್ನಾಗಲಿ ಮತಾಂತರವನ್ನಾಗಲಿ ನಿರೀಕ್ಷಿಸಿದರೆ, ಶಿಲುಬೆಯನ್ನಲ್ಲ, ಟೆಂಪಲ್‌ನ ತಕ್ಕಡಿಯನ್ನೇ ಹೊತ್ತವರಾಗುತ್ತೇವೆ.