ಹಳೆಯ ವಾಹನ ಹೆಸರುಗಳ ಮರುಬಳಕೆ

ತಯಾರಿಕೆ ನಿಂತುಹೋದ ಕಾರು ಅಥವಾ ಮೋಟಾರ್‌ಸೈಕಲ್ಲಿನ ಹೆಸರನ್ನು ವರ್ಷಗಳ ನಂತರ ಹೊಸ ವಿನ್ಯಾಸದ, ಎಷ್ಟೋ ಸಲ ಬೇರೆಯೇ ಜಾತಿಯ ವಾಹನಕ್ಕೆ ಇಡುವ ಪದ್ಧತಿ ವಾಹನೋದ್ಯಮದಲ್ಲಿ ಹಳೆಯದು. ಅಮೆರಿಕದಲ್ಲಿ ಎರಡು ಬಾಗಿಲಿನ ಮಸಲ್ ಕಾರುಗಳ ಹೆಸರು ನಾಲ್ಕು ಬಾಗಿಲಿನ ಸೆಡಾನ್‌ಗಳಿಗೆ ಬಂದಾಗ ಈ ಪದ್ಧತಿ ದೊಡ್ಡ ಚರ್ಚೆಗೆ ಒಳಗಾಯಿತು. ಭಾರತದಲ್ಲಿ ಕಾರು ಬಹುಕಾಲ ಕೆಲವರ ಸ್ವತ್ತಾಗಿಯೇ ಉಳಿದಿದ್ದರಿಂದ ಜನ ಪ್ರೀತಿಯಿಂದ ನೆನಪಿಟ್ಟುಕೊಂಡ ಹೆಸರುಗಳು ಹೆಚ್ಚಾಗಿ ಮೋಟಾರ್‌ಸೈಕಲ್ಲುಗಳವು. ಅಂಥ ಹೆಸರುಗಳು ಮರಳಿದ ಬಗೆಯನ್ನು ತಿಳಿಯಲು ಚೆನ್ನೈನ ರಾಯಲ್ ಎನ್‌ಫೀಲ್ಡ್ ಮತ್ತು ಮೈಸೂರಿನ ಜಾವಾ, ಯೆಜ್ಡಿಗಳ ಚರಿತ್ರೆಯೇ ಮುಖ್ಯ ಆಧಾರ.

ಮಸಲ್ ಕಾರೆಂದರೆ ಸಾಧಾರಣ ಬೆಲೆಯ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ವಿ8 ಎಂಜಿನ್ ಕೂರಿಸಿದ, ನೇರ ರಸ್ತೆಯಲ್ಲಿ ಮಿಂಚಿನಂತೆ ಚಿಮ್ಮುವ ವಾಹನ. 1964ರ ಪಾಂಟಿಯಾಕ್ ಜಿಟಿಒ ಈ ವರ್ಗಕ್ಕೆ ದಾರಿ ಹಾಕಿತು. 1966ರಲ್ಲಿ ಬಂದ ಡಾಡ್ಜ್ ಚಾರ್ಜರ್‌ಗೆ ಸುಮಾರು 7 ಲೀಟರಿನ ಹೆಮಿ ಎಂಜಿನ್ನೂ ದೊರೆಯುತ್ತಿತ್ತು. ಅದರ ಶಕ್ತಿ 425 ಅಶ್ವಶಕ್ತಿ ಎಂದು ಕಂಪನಿ ಘೋಷಿಸಿತ್ತು. 1968ರ ಬುಲಿಟ್ ಚಿತ್ರದ ಬೆನ್ನಟ್ಟುವ ದೃಶ್ಯದಲ್ಲಿ ಕಪ್ಪು ಚಾರ್ಜರ್ ಕಾಣಿಸಿಕೊಂಡ ಮೇಲೆ ಕಾರಿನ ಹೆಸರು ಅದನ್ನು ಕೊಳ್ಳಲಾಗದವರ ಬಾಯಲ್ಲೂ ನಿಂತಿತು. ಹೊಗೆ ನಿಯಂತ್ರಣದ ಕಾಯಿದೆ, ಏರುತ್ತಿದ್ದ ವಿಮೆಯ ಕಂತು, 1973ರ ತೈಲ ಬಿಕ್ಕಟ್ಟು ಒಂದರ ಹಿಂದೊಂದು ಬಂದು ಇಡೀ ವರ್ಗವನ್ನೇ ಮಲಗಿಸಿದವು. 1980ರ ದಶಕದಲ್ಲಿ ಚಾರ್ಜರ್ ಹೆಸರು ಒಂದು ಪುಟ್ಟ ಮುಂಚಕ್ರ ಚಾಲಿತ ಕಾರಿಗೆ ಅಂಟಿಕೊಂಡಿತ್ತು. ಹಳೆಯ ಅಭಿಮಾನಿಗಳು ಆ ಕಾರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಸೆಡಾನ್‌ಗೆ ಇಂಥ ಹೆಸರು ಒಪ್ಪುತ್ತದೆಂದು ಮೊದಲು ತೋರಿಸಿದ್ದು ಷೆವರ್ಲೆ. 1994ರಲ್ಲಿ ಅದು ತನ್ನ ಕಪ್ರೀಸ್ ಸೆಡಾನ್‌ಗೆ 5.7 ಲೀಟರಿನ ಎಂಜಿನ್ ಹಾಕಿ ಇಂಪಾಲಾ ಎಸ್‌ಎಸ್ ಎಂದು ಕರೆಯಿತು. ಡಾಡ್ಜ್ ಇದೇ ದಾರಿ ಹಿಡಿದದ್ದು 2006ರ ಮಾದರಿಯಾಗಿ ಬಂದ ಚಾರ್ಜರ್‌ನಲ್ಲಿ. ಕ್ರೈಸ್ಲರ್ 300 ಕಾರಿನ ತಳಹದಿಯ ಮೇಲೆ ಕೆನಡಾದ ಬ್ರಾಂಪ್ಟನ್‌ನಲ್ಲಿ ತಯಾರಾದ ಈ ಕಾರಿಗೆ ನಾಲ್ಕು ಬಾಗಿಲು, ಹಿಂದೆ ಡಿಕ್ಕಿ. ಎರಡು ಬಾಗಿಲಿಲ್ಲದ ಚಾರ್ಜರ್ ಚಾರ್ಜರೇ ಅಲ್ಲ ಎಂಬ ಆಕ್ಷೇಪ ಜೋರಾಗಿತ್ತು. ಆಕ್ಷೇಪ ತಪ್ಪೆನ್ನಲಾಗದು, ಆದರೆ ಅದು ಕಾರಿನ ಹೊರಮೈಯಲ್ಲೇ ನಿಂತಿತು. ಹಿಂದಿನ ಚಕ್ರಗಳಿಗೆ ಶಕ್ತಿ ಕೊಡುವ ಹೆಮಿ ವಿ8 ಎಂಜಿನ್ ಹೊಸ ಕಾರಿನಲ್ಲೂ ಇತ್ತು. ಸಂಸಾರಸ್ಥರು ಅದನ್ನು ಕೊಂಡರು, ಪೊಲೀಸ್ ಇಲಾಖೆಗಳೂ ಕೊಂಡವು. ಮುಂದೆ ಬಂದ ಹೆಲ್‌ಕ್ಯಾಟ್ ಮಾದರಿ 707 ಅಶ್ವಶಕ್ತಿ ಮುಟ್ಟಿತು, 2023ರ ಕೊನೆಯವರೆಗೂ ಸೆಡಾನ್ ತಯಾರಾಯಿತು. ಇದಕ್ಕೆ ಎದುರಾಗಿ 2004ರಲ್ಲಿ ಆಸ್ಟ್ರೇಲಿಯದ ಹೋಲ್ಡನ್ ಮೊನಾರೊ ಕಾರಿಗೆ ಜಿಟಿಒ ಹೆಸರಿಟ್ಟು ಅಮೆರಿಕಕ್ಕೆ ತಂದಾಗ, ಬಾಗಿಲುಗಳು ಎರಡೇ ಇದ್ದು ಎಂಜಿನ್ ಬಲಿಷ್ಠವಾಗಿದ್ದರೂ, ಅದು ಮೂರೇ ವರ್ಷಕ್ಕೆ ನಿಂತಿತು. ನೋಡಿದ ಕೂಡಲೇ ಹಳೆಯ ಕಾರನ್ನು ನೆನಪಿಸುವ ಯಾವ ಗುರುತೂ ಅದರಲ್ಲಿ ಇರಲಿಲ್ಲ ಎಂಬುದೇ ಜನರ ದೂರಾಗಿತ್ತು.

ಚೆನ್ನೈ ಈ ವಿಷಯದಲ್ಲಿ ಗಮನಾರ್ಹವಾಗಲು ಕಾರಣ ಅಲ್ಲಿನ ಕಾರ್ಖಾನೆಗಳು. ನಗರದ ಅಂಚಿನ ವಂಡಲೂರಿನಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆ ಇತ್ತು. ಬ್ರಿಟನ್ನಿನಲ್ಲಿ ಟ್ರಯಂಫ್ ಹೆರಾಲ್ಡ್ ಎನಿಸಿಕೊಂಡ ಕಾರು ಇಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು. ಅಲ್ಲಿ ಎರಡು ಬಾಗಿಲಿದ್ದ ಕಾರಿಗೆ ಇಲ್ಲಿ ನಾಲ್ಕು ಬಾಗಿಲು ಬಂತು. ಭಾರತದ ದೊಡ್ಡ ಕುಟುಂಬಗಳಿಗೆ ಅದು ಬೇಕಿತ್ತು, ಆಗ ಯಾರೂ ತಕರಾರು ತೆಗೆದದ್ದಿಲ್ಲ. ಇದೇ ಕಂಪನಿ 1985ರಲ್ಲಿ ರೋವರ್ ಎಸ್‌ಡಿ1 ಕಾರಿನ ಸೊಗಸಾದ ಹೊರಮೈ ತಂದು ಸ್ಟ್ಯಾಂಡರ್ಡ್ 2000 ಎಂದು ಬಿಡುಗಡೆ ಮಾಡಿತು. ಬ್ರಿಟನ್ನಿನಲ್ಲಿ ವಿ8 ಎಂಜಿನ್ ಹೊತ್ತಿದ್ದ ಆ ದೇಹದೊಳಗೆ ಇಲ್ಲಿ ಕೂರಿಸಿದ್ದು ಹಳೆಯ ಕಾಲದ ಎರಡು ಲೀಟರ್ ಎಂಜಿನ್. ಬೆಲೆಯೂ ಹೆಚ್ಚು, ಪೆಟ್ರೋಲ್ ಖರ್ಚೂ ಹೆಚ್ಚು. ಆ ದಶಕ ಮುಗಿಯುವ ಮುನ್ನವೇ ಕಾರಿನ ತಯಾರಿಕೆ ನಿಂತಿತು.

ನಗರದ ಉತ್ತರ ಭಾಗದ ತಿರುವೊಟ್ಟಿಯೂರಿನಲ್ಲಿ ಇನ್ನೊಂದು ಚರಿತ್ರೆ ಬೆಳೆಯುತ್ತಿತ್ತು. ಇಂಗ್ಲೆಂಡಿನ ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿಯ ಬುಲೆಟ್ 350 ಮೋಟಾರ್‌ಸೈಕಲ್ಲುಗಳನ್ನು ಭಾರತೀಯ ಸೇನೆ ಗಡಿ ಗಸ್ತಿಗೆ ಆರಿಸಿಕೊಂಡಿತು. ಅವನ್ನು ಇಲ್ಲಿಯೇ ಜೋಡಿಸಲು ಮದ್ರಾಸ್ ಮೋಟಾರ್ಸ್ ಸಹಯೋಗದಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. 1960ರ ದಶಕದ ಆರಂಭದ ಹೊತ್ತಿಗೆ ಬಿಡಿಭಾಗಗಳೆಲ್ಲ ಇಲ್ಲಿಯೇ ತಯಾರಾಗತೊಡಗಿದವು. ಇಂಗ್ಲೆಂಡಿನ ತಾಯಿ ಕಂಪನಿ 1970ರ ಹೊತ್ತಿಗೆ ಬಾಗಿಲು ಮುಚ್ಚಿತು. ಮದ್ರಾಸಿನಲ್ಲಿ ಬುಲೆಟ್ ಮುಂದುವರಿಯಿತು. ಹಾಗಾಗಿ ಬುಲೆಟ್ ಮರಳಿ ಬಂದ ಹೆಸರಲ್ಲ, ಅದು ಎಂದೂ ಹೋಗಿರಲೇ ಇಲ್ಲ. 1994ರಲ್ಲಿ ಎನ್‌ಫೀಲ್ಡ್ ಇಂಡಿಯಾ ಐಷರ್ ಸಮೂಹದ ಭಾಗವಾಯಿತು.

ರಾಯಲ್ ಎನ್‌ಫೀಲ್ಡ್‌ನ ಹಳೆಯ ಹೆಸರುಗಳಲ್ಲಿ ಮಸಲ್ ಕಾರಿನ ಕಾಲಕ್ಕೂ ಗುಣಕ್ಕೂ ತೀರ ಹತ್ತಿರವಾದದ್ದು ಇಂಟರ್‌ಸೆಪ್ಟರ್. 1960ರ ದಶಕದಲ್ಲಿ ಅಮೆರಿಕದ ಸವಾರರನ್ನು ಮುಖ್ಯವಾಗಿ ಕಣ್ಣಮುಂದೆ ಇಟ್ಟುಕೊಂಡು ಇಂಗ್ಲೆಂಡಿನಲ್ಲಿ ತಯಾರಾದ ಈ ಮೋಟಾರ್‌ಸೈಕಲ್ಲಿಗೆ 736 ಸಿಸಿಯ ಎರಡು ಸಿಲಿಂಡರ್ ಎಂಜಿನ್ ಇತ್ತು. ಅದೇ ದಶಕದ ಮಧ್ಯದಲ್ಲಿ ಬಂದ ಕಾಂಟಿನೆಂಟಲ್ ಜಿಟಿ 250 ಸಿಸಿಯದು. ರೇಸ್ ಬೈಕಿನಂತೆ ಬಾಗಿ ಕೂರುವ ಹ್ಯಾಂಡಲ್, ಕೆಂಪು ಟ್ಯಾಂಕು ಅದರ ಗುರುತು. ಚೆನ್ನೈನ ಕಂಪನಿ ಮೊದಲು 2013ರಲ್ಲಿ 535 ಸಿಸಿಯ ಒಂದೇ ಸಿಲಿಂಡರಿನ ಬೈಕಿಗೆ ಕಾಂಟಿನೆಂಟಲ್ ಜಿಟಿ ಎಂದು ಹೆಸರಿಟ್ಟಿತು. ನೋಟ ಚೆನ್ನಾಗಿತ್ತು, ಆದರೆ ಹೆಚ್ಚು ವೇಗದಲ್ಲಿ ನಡುಕ ಇತ್ತು. ಕಂಪನಿ ಹೆಸರನ್ನು ಕೈಬಿಡದೆ ಯಂತ್ರವನ್ನೇ ಬದಲಿಸಿತು. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ತಾನೇ ಸ್ಥಾಪಿಸಿದ ತಾಂತ್ರಿಕ ಕೇಂದ್ರ ಮತ್ತು ಚೆನ್ನೈನ ಎಂಜಿನಿಯರುಗಳು ಸೇರಿ ರೂಪಿಸಿದ 648 ಸಿಸಿಯ ಎರಡು ಸಿಲಿಂಡರ್ ಎಂಜಿನ್ 2018ರ ನವೆಂಬರಿನಲ್ಲಿ ಇಂಟರ್‌ಸೆಪ್ಟರ್ 650 ಮತ್ತು ಕಾಂಟಿನೆಂಟಲ್ ಜಿಟಿ 650 ಎಂಬ ಎರಡು ಬೈಕುಗಳಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಶಕ್ತಿ ಸುಮಾರು 47 ಅಶ್ವಶಕ್ತಿ, ಇಂಟರ್‌ಸೆಪ್ಟರ್‌ನ ಆರಂಭದ ಬೆಲೆ ಸುಮಾರು 2.5 ಲಕ್ಷ ರೂಪಾಯಿ. ಎರಡು ಸಿಲಿಂಡರಿನ ಬೈಕನ್ನು ಅಷ್ಟು ಕಡಿಮೆ ಬೆಲೆಗೆ ಕೊಡುವವರು ಆಗ ದೇಶದಲ್ಲಿ ಬೇರೆ ಯಾರೂ ಇರಲಿಲ್ಲ.

ಭಾರತದಲ್ಲಿ ನಡೆದ ಹೆಸರುಗಳ ಮರುಬಳಕೆಯಲ್ಲಿ ಇದನ್ನೇ ಅತ್ಯುತ್ತಮವೆಂದು ಹೇಳಬೇಕು. ಇಂಟರ್‌ಸೆಪ್ಟರ್ ಎಂಬ ಹೆಸರಿನ ಮೂಲ ಅರ್ಹತೆ ಎರಡು ಸಿಲಿಂಡರಿನ ಎಂಜಿನ್. ಅದು ಸಿದ್ಧವಾಗುವ ತನಕ ಕಂಪನಿ ಆ ಹೆಸರನ್ನು ಮುಟ್ಟಲಿಲ್ಲ. ತಯಾರಿಕೆ ಚೆನ್ನೈನ ಹೊರವಲಯದ ಒರಗಡಂ ಮತ್ತು ವಲ್ಲಂ ಕಾರ್ಖಾನೆಗಳದು. ಬೆಸೆಂಟ್ ನಗರ, ತಿರುವಾನ್ಮಿಯೂರಿನ ಕಡೆಯಿಂದ ಮಾಮಲ್ಲಪುರಕ್ಕೆ ಹೋಗುವ ಪೂರ್ವ ಕರಾವಳಿ ರಸ್ತೆ ಈ ಬೈಕುಗಳ ಸವಾರರಿಗೆ ಅಚ್ಚುಮೆಚ್ಚಿನದು. ಆದರೆ ಯಾವ ದೇಶದ ಸವಾರರಿಗಾಗಿ ಮೂಲ ಇಂಟರ್‌ಸೆಪ್ಟರ್ ಹುಟ್ಟಿತೋ ಆ ಅಮೆರಿಕದಲ್ಲೇ ಹೊಸ ಬೈಕಿಗೆ ಆ ಹೆಸರಿಲ್ಲ. ಅಲ್ಲಿ ಇಂಟರ್‌ಸೆಪ್ಟರ್ ಎಂಬ ಹೆಸರಿನ ಹಕ್ಕು ಹೋಂಡಾದ್ದು, ಹೀಗಾಗಿ ಅದು ಐಎನ್‌ಟಿ 650 ಎಂದು ಮಾರಾಟವಾಗುತ್ತದೆ. ಇದೇ ಕಂಪನಿ 1950ರ ದಶಕದ ಮೀಟಿಯರ್ ಹೆಸರನ್ನು 2020ರಲ್ಲಿ 350 ಸಿಸಿಯ ಬೈಕಿಗೆ ಇಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಸೈನಿಕರಿಗಾಗಿ ತಯಾರಾದ ಹಗುರ ಬೈಕಿನ ಫ್ಲೈಯಿಂಗ್ ಫ್ಲೀ ಎಂಬ ಹೆಸರನ್ನು 2024ರಲ್ಲಿ ತನ್ನ ವಿದ್ಯುತ್ ಬೈಕುಗಳಿಗೆ ಘೋಷಿಸಿತು.

ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನಲ್ಲಿ ತಯಾರಾದ ಹ್ಯುಂಡೈ ಸ್ಯಾಂಟ್ರೊ ಕತೆ ಬೇರೆ. 1998ರಲ್ಲಿ ಬಂದು ಕಂಪನಿಗೆ ಭಾರತದಲ್ಲಿ ನೆಲೆ ಕಟ್ಟಿಕೊಟ್ಟ ಈ ಎತ್ತರದ ಪುಟ್ಟ ಕಾರು 2014ರ ಕೊನೆಗೆ ನಿಂತಿತ್ತು. 2018ರಲ್ಲಿ ಹೊಸ ಕಾರಿಗೆ ಹೆಸರು ಸೂಚಿಸುವಂತೆ ಜನರನ್ನೇ ಕೇಳಿ, ಕೊನೆಗೆ ಸ್ಯಾಂಟ್ರೊ ಎಂದೇ ಇಟ್ಟರು. ಮೊದಲ ತಿಂಗಳುಗಳ ಉತ್ಸಾಹ ಬೇಗ ಇಳಿಯಿತು, 2022ರಲ್ಲಿ ಅದರ ತಯಾರಿಕೆಯೂ ಮುಗಿಯಿತು. ಹಳೆಯ ಸ್ಯಾಂಟ್ರೊ ಗೆದ್ದದ್ದು ಆ ಕಾಲಕ್ಕೆ ಅದು ಹೊಸತಾಗಿದ್ದುದರಿಂದ. ಆ ಹೊಸತನವನ್ನು ಇಪ್ಪತ್ತು ವರ್ಷದ ಬಳಿಕ ಹೆಸರೊಂದೇ ತಂದುಕೊಡಲಾರದು.

ಕರ್ನಾಟಕದಲ್ಲಿ ಈ ವಿಷಯ ಎಂದರೆ ಮೈಸೂರಿನ ಐಡಿಯಲ್ ಜಾವಾ. ಇರಾನಿ ಕುಟುಂಬದವರು ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹದಿಂದ ಯಾದವಗಿರಿಯಲ್ಲಿ ಸ್ಥಾಪಿಸಿದ ಈ ಕಾರ್ಖಾನೆಯಲ್ಲಿ 1961ರಿಂದ ಚೆಕೊಸ್ಲೊವಾಕಿಯಾದ ಜಾವಾ ಮೋಟಾರ್‌ಸೈಕಲ್ಲುಗಳು ತಯಾರಾದವು. 1970ರ ದಶಕದಲ್ಲಿ ಯೆಜ್ಡಿ ಎಂಬ ಸ್ವಂತ ಹೆಸರು ಬಂತು. ಎರಡು ಸ್ಟ್ರೋಕಿನ 250 ಸಿಸಿ ಎಂಜಿನ್, ಇಕ್ಕೆಲಗಳಲ್ಲಿ ಒಂದೊಂದು ಸೈಲೆನ್ಸರ್, ದೂರದಿಂದಲೇ ಗುರುತು ಹಿಡಿಯಬಹುದಾದ ಸದ್ದು ಇದರ ಲಕ್ಷಣ. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ. ಬೈಕ್ ಶುರುವಾದ ಮೇಲೆ ಅದೇ ಲಿವರನ್ನು ಮುಂದಕ್ಕೆ ತಿರುಗಿಸಿ ಗೇರು ಹಾಕಬೇಕು. ಕ್ಲಚ್ ಹಿಡಿಯದೆ ಗೇರು ಬದಲಿಸುವ ಅನುಕೂಲವೂ ಇತ್ತು. ಹೊಲದ ದಾರಿ, ಘಟ್ಟದ ತಿರುವು ಎಲ್ಲಕ್ಕೂ ಒಗ್ಗಿದ ಈ ಗಟ್ಟಿ ಬೈಕು ಹಳೆ ಮೈಸೂರು ಸೀಮೆಯ ಊರೂರಿನಲ್ಲೂ ಇತ್ತು. ಕಡಿಮೆ ಪೆಟ್ರೋಲ್ ಕುಡಿಯುವ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳ ಎದುರು ಮಾರಾಟ ಕುಸಿದು, ಹೊಗೆಯ ನಿಯಮಗಳೂ ಬಿಗಿಯಾಗಿ 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕಾರ್ಖಾನೆ ಮುಚ್ಚಿದರೂ ಹೆಸರನ್ನು ಉಳಿಸಿದವರು ಸವಾರರು ಮತ್ತು ಮೆಕ್ಯಾನಿಕ್‌ಗಳು. ಬಿಡಿಭಾಗ ಹುಡುಕಿ, ಸಿಗದಿದ್ದರೆ ಲೇತಿನಲ್ಲಿ ಕಡೆಸಿ ಅವರು ಹಳೆಯ ಬೈಕುಗಳನ್ನು ಓಡಿಸುತ್ತಲೇ ಬಂದರು. ಜುಲೈ ತಿಂಗಳ ಎರಡನೆಯ ಭಾನುವಾರ ಆಚರಿಸುವ ಅಂತರರಾಷ್ಟ್ರೀಯ ಜಾವಾ ದಿನಕ್ಕೆ ಬೆಂಗಳೂರು, ಮೈಸೂರುಗಳಲ್ಲಿ ಅವರು ಒಟ್ಟು ಸೇರುತ್ತಾರೆ. ಯಾವ ಜಾಹೀರಾತೂ ಇಲ್ಲದೆ ಎರಡು ದಶಕ ಒಂದು ಹೆಸರಿಗೆ ಬೆಲೆ ಉಳಿಯಿತೆಂದರೆ ಅದು ಇವರ ದುಡಿಮೆಯ ಫಲ.

ಮಹೀಂದ್ರಾ ಕಂಪನಿಯ ಬಹುಪಾಲು ಬಂಡವಾಳದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ 2018ರ ನವೆಂಬರ್ 15ರಂದು ಜಾವಾ ಹೆಸರನ್ನು ಮರಳಿ ತಂದಿತು. ಹೊಸ ಬೈಕು 293 ಸಿಸಿಯ ನಾಲ್ಕು ಸ್ಟ್ರೋಕಿನದು, ನೀರಿನಿಂದ ತಂಪಾಗುವಂಥದು. ತಯಾರಿಕೆ ಮಧ್ಯಪ್ರದೇಶದ ಪೀಥಂಪುರದಲ್ಲಿ. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು ಉಳಿಸಿಕೊಂಡರು. ಟ್ಯಾಂಕಿನ ಆಕಾರ, ಬಣ್ಣ, ಹೊಳೆಯುವ ಕ್ರೋಮ್ ಹಳೆಯದನ್ನೇ ಹೋಲುತ್ತವೆ. ಎರಡು ಸ್ಟ್ರೋಕಿನ ಸದ್ದು ಮಾತ್ರ ಇಲ್ಲ. ಈಗಿನ ಮಾಲಿನ್ಯ ನಿಯಮಗಳಡಿ ಅಂಥ ಎಂಜಿನ್ ತರುವುದು ಬಲು ಕಷ್ಟ. ಬುಕಿಂಗ್ ಮಾಡಿದವರು ತಿಂಗಳುಗಟ್ಟಲೆ ಕಾದರು. 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನಲ್ಲಿ 334 ಸಿಸಿಯ ಮೂರು ಮಾದರಿಗಳು ಬಂದವು.

ಯೆಜ್ಡಿ ಹೆಸರು ಮರಳಿದಾಗ ಅದರ ಒಡೆತನದ ಪ್ರಶ್ನೆ ಕರ್ನಾಟಕ ಹೈಕೋರ್ಟಿನಲ್ಲಿತ್ತು. ಮುಚ್ಚಿದ ಕಂಪನಿಯ ಆಸ್ತಿ ಸಾಲಗಾರರಿಗೂ ಕಾರ್ಮಿಕರಿಗೂ ಸಲ್ಲಬೇಕಾದ್ದು. ಹೆಸರೂ ಆ ಆಸ್ತಿಯ ಭಾಗವೇ ಎಂಬುದು ವಿವಾದದ ತಿರುಳು. 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ಹೆಸರು ಐಡಿಯಲ್ ಜಾವಾ ಕಂಪನಿಯದೇ ಎಂದು ತೀರ್ಪಿತ್ತಿತು. ಮೇಲ್ಮನವಿ ವಿಭಾಗೀಯ ಪೀಠಕ್ಕೆ ಹೋಗಿ ಆ ತೀರ್ಪಿಗೆ ತಡೆ ಸಿಕ್ಕಿತು, ಬೈಕುಗಳ ಮಾರಾಟ ಮುಂದುವರಿಯಿತು. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ ಪ್ರಕಾರ ನೋಂದಣಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಐದು ವರ್ಷಕ್ಕೂ ಮೀರಿ ಬಳಸದೆ ಬಿಟ್ಟ ಹೆಸರನ್ನು ಪಟ್ಟಿಯಿಂದ ತೆಗೆಯುವಂತೆ ಬೇರೆಯವರು ಕೇಳಬಹುದು. ಕಂಪನಿಗಳು ಹಳೆಯ ಹೆಸರುಗಳನ್ನು ಆಗಾಗ ಹೊರತೆಗೆಯುವುದಕ್ಕೆ ಈ ನಿಯಮವೂ ಒಂದು ಕಾರಣ.

ಕಾರುಗಳ ಪೈಕಿ ಮಾರುತಿ ತನ್ನ 1999ರ ಸೆಡಾನ್‌ನ ಬಲೆನೊ ಹೆಸರನ್ನು 2015ರಲ್ಲಿ ಡಿಕ್ಕಿಯಿಲ್ಲದ ಹ್ಯಾಚ್‌ಬ್ಯಾಕ್‌ಗೆ ಇಟ್ಟು ಭರ್ಜರಿಯಾಗಿ ಗೆದ್ದಿತು. ಹಳೆಯ ಬಲೆನೊ ಬಗ್ಗೆ ಜನರಿಗೆ ಅಂಥ ಹಟವೇನೂ ಇರಲಿಲ್ಲ. ಟಾಟಾ ಸಫಾರಿ 2021ರಲ್ಲಿ ಮರಳಿತು. 1991ರ ಮೂರು ಬಾಗಿಲಿನ ಸಿಯೆರಾ 2025ರಲ್ಲಿ ಐದು ಬಾಗಿಲಿನ ವಾಹನವಾಗಿ ಬಂತು. ಹಿಂಬದಿಯ ಬಾಗಿದ ದೊಡ್ಡ ಗಾಜನ್ನು ಹೋಲುವ ನೋಟವನ್ನು ವಿನ್ಯಾಸಕರು ಬಿಟ್ಟುಕೊಡಲಿಲ್ಲ.

ಮರಳದೆ ಉಳಿದ ಎರಡು ಹೆಸರುಗಳು ಹಿಂದೂಸ್ತಾನ್ ಮೋಟಾರ್ಸ್‌ನವು. ಅಂಬಾಸಿಡರ್ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪ್ಯೂಜೊ ಸಮೂಹ 80 ಕೋಟಿ ರೂಪಾಯಿಗೆ ಕೊಂಡಿತು. ಆ ಸಮೂಹ ಚೆನ್ನೈ ಬಳಿಯ ತಿರುವಳ್ಳೂರಿನಲ್ಲಿ ಸಿಟ್ರೊಯೆನ್ ಕಾರುಗಳನ್ನು ತಯಾರಿಸಿತೇ ಹೊರತು ಅಂಬಾಸಿಡರ್ ಹೆಸರನ್ನು ಯಾವ ಕಾರಿಗೂ ಇಡಲಿಲ್ಲ. ಭಾರತದ ಮಸಲ್ ಕಾರು ಎಂದು ಅಭಿಮಾನಿಗಳು ಕರೆಯುವ ಕಾಂಟೆಸಾ 1984ರಲ್ಲಿ ಬ್ರಿಟನ್ನಿನ ವಾಕ್ಸಾಲ್ ಕಾರಿನ ವಿನ್ಯಾಸದಿಂದ ರೂಪುಗೊಂಡಿತು. ಉದ್ದನೆಯ ಮೂತಿ, ಅಗಲವಾದ ಮೈಕಟ್ಟು ಅದಕ್ಕೆ ಆ ಹೆಸರು ತಂದವು. ಅಂಬಾಸಿಡರ್‌ನ ಎಂಜಿನ್ ಅದಕ್ಕೆ ಸಾಲದೆ, ಮುಂದೆ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಬಂದ ಮೇಲೆಯೇ ಕಾರಿಗೆ ನಿಜವಾದ ಕಸುವು ಸಿಕ್ಕಿತು. 2002ರಲ್ಲಿ ತಯಾರಿಕೆ ನಿಂತ ಈ ಕಾರಿನ ಹೆಸರಿನ ಹಕ್ಕನ್ನು 2022ರಲ್ಲಿ ಎಸ್‌ಜಿ ಕಾರ್ಪೊರೇಟ್ ಮೊಬಿಲಿಟಿ ಎಂಬ ಸಂಸ್ಥೆಗೆ ವರ್ಗಾಯಿಸಲು ಒಪ್ಪಂದವಾಯಿತು.