ಅರಿವಿನ ಅಂಕ, ಒಪ್ಪಿಗೆಯ ಸಹಿ: ಎಚ್‌ಪಿವಿ ಲಸಿಕೆ ಮತ್ತು ಭಾರತದ ತಾಯಂದಿರು

ಗರ್ಭಕೊರಳಿನ ಕ್ಯಾನ್ಸರ್ ಕುರಿತ ಭಾರತೀಯ ಸಮೀಕ್ಷೆಗಳನ್ನು ಒಂದರ ಹಿಂದೊಂದು ಓದಿದವರಿಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಎಚ್‌ಪಿವಿ ಎಂಬ ವೈರಾಣುವಿನ ಹೆಸರು ಕೇಳಿದ್ದೀರಾ ಎಂದರೆ ಹೆಚ್ಚಿನ ಮಹಿಳೆಯರು ಇಲ್ಲ ಎನ್ನುತ್ತಾರೆ. ನಾಲ್ಕು ಮಾತಿನಲ್ಲಿ ವಿವರಿಸಿ, ಮಗಳಿಗೆ ಲಸಿಕೆ ಹಾಕಿಸುತ್ತೀರಾ ಎಂದು ಕೇಳಿದರೆ ಅವರಲ್ಲೇ ಬಹುಪಾಲು ಹೂಂ ಎನ್ನುತ್ತಾರೆ. ಸಮೀಕ್ಷಕರು ಇದನ್ನು ಶುಭಸೂಚನೆಯೆಂದು ದಾಖಲಿಸಿ, ಜಾಗೃತಿ ಕಾರ್ಯಕ್ರಮ ಬೇಕೆಂಬ ಶಿಫಾರಸಿನೊಂದಿಗೆ ಲೇಖನ ಮುಗಿಸುತ್ತಾರೆ. ನಾಲ್ಕು ಮಾತಿಗೆ ದೊರೆತ ಆ 'ಹೂಂ' ನಿಜಕ್ಕೂ ಯಾವುದಕ್ಕೆ ದೊರೆತದ್ದು ಎಂದು ಕೇಳಿದವರು ಕಡಿಮೆ. ಪ್ರಸ್ತುತ ಲೇಖನ ಹೊಸ ಸಮೀಕ್ಷೆಯಲ್ಲ. ಆ ಪ್ರಶ್ನೆಯನ್ನು ಹಿಡಿದು ಪ್ರಕಟಿತ ದಾಖಲೆಗಳನ್ನು ಮತ್ತೊಮ್ಮೆ ಓದುವ ಯತ್ನ. ತಾಯಂದಿರ ಒಪ್ಪಿಗೆ ವೈರಾಣುವಿನ ಬಗೆಗಿನ ತಿಳಿವಳಿಕೆಗಿಂತ ಹೇಳುವವರ ಮೇಲಿನ ನಂಬಿಕೆಗೆ ಅಂಟಿಕೊಂಡಿದೆ ಎಂಬುದು ಇಲ್ಲಿನ ವಾದ.

ರೋಗದ ಹಿನ್ನೆಲೆ ಚಿಕ್ಕದಾಗಿ ಸಾಕು. ಗ್ಲೋಬೊಕಾನ್ ಎಂಬ ಜಾಗತಿಕ ಕ್ಯಾನ್ಸರ್ ಲೆಕ್ಕಾಚಾರದ 2022ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸತ್ತವರು ಹೆಚ್ಚುಕಡಿಮೆ 80 ಸಾವಿರ. ಎಚ್‌ಪಿವಿಯೇ ಇದಕ್ಕೆ ಕಾರಣವೆಂದು ತೋರಿಸಿಕೊಟ್ಟ ಹರಾಲ್ಡ್ ತ್ಸೂರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಅದು ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಹೋಗದೆ ಉಳಿದದ್ದು, ಅದರಲ್ಲೂ 16 ಮತ್ತು 18ನೆಯ ಬಗೆಯದು, ಹದಿನೈದಿಪ್ಪತ್ತು ವರ್ಷ ತೆಗೆದುಕೊಂಡು ಕ್ಯಾನ್ಸರ್ ಆಗಬಲ್ಲುದು. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕಾದ್ದರಿಂದ ಅದಕ್ಕೆ ಮೊದಲೇ, ಅಂದರೆ 9ರಿಂದ 14ರ ವಯಸ್ಸಿನಲ್ಲಿ, ಲಸಿಕೆ ಹಾಕಬೇಕು.

ತೊಡಕಿರುವುದು ಇಲ್ಲೇ. ಹತ್ತು ವರ್ಷದ ಮಗಳಿಗೆ ನಲವತ್ತೈದರಲ್ಲಿ ಬರಬಹುದಾದ ಕಾಯಿಲೆಗೆ ಇವತ್ತು ಸೂಜಿ ಹಾಕಿಸಿ ಎಂದು ತಾಯಿಗೆ ಹೇಳಬೇಕು. ಕಾಯಿಲೆ ಹೇಗೆ ಬರುತ್ತದೆ ಎಂಬುದನ್ನೂ ಹೇಳಬೇಕು. ಸಂಕೋಚದಲ್ಲಿ ಎರಡನೆಯದನ್ನು ನುಂಗಿಬಿಡುವುದು ಸುಲಭ. "ಇನ್ನೂ ದೊಡ್ಡವಳೇ ಆಗಿಲ್ಲ, ಈಗಲೇ ಯಾಕೆ ಸಿಸ್ಟರ್? ಮುಂದೆ ಮಕ್ಕಳಾಗೋಕೆ ಏನೂ ತೊಂದರೆ ಇಲ್ಲ ತಾನೆ?" ಎಂದು ತಾಯಿ ಕೇಳಿದರೆ ಅದನ್ನು ಬರೆದುಕೊಳ್ಳಲು ಹೌದು-ಇಲ್ಲ ಎಂಬ ಎರಡು ಚೌಕಗಳ ಪ್ರಶ್ನಾವಳಿಯಲ್ಲಿ ಜಾಗವಿಲ್ಲ. ಆಕೆ 'ಅರಿವಿಲ್ಲದವಳು' ಎಂಬ ಲೆಕ್ಕಕ್ಕೆ ಸೇರುತ್ತಾಳೆ. ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿನಿಯರನ್ನೂ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬಂದವರನ್ನೂ ಕೇಳಿ ಬರೆದ ಅಧ್ಯಯನಗಳೇ ನಮ್ಮಲ್ಲಿ ಹೆಚ್ಚು ಎಂಬುದನ್ನೂ ಇಲ್ಲಿ ನೆನೆಯಬೇಕು. ಕೈಗೆ ಸುಲಭವಾಗಿ ಸಿಗುವವರನ್ನು ಕೇಳಿ ದೇಶದ ಮಹಿಳೆಯರ ಬಗ್ಗೆ ಬರೆಯುವ ಚಟ ನಮ್ಮದು.

ಕೇಳಿ ಪಡೆಯಬೇಕಾದ ಒಪ್ಪಿಗೆಯನ್ನು ಕೇಳದೆ ಪಡೆದರೆ ಏನಾಗುತ್ತದೆ ಎಂಬುದಕ್ಕೆ ಖಮ್ಮಂ ಇದೆ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯ ಮೂರು ಮಂಡಲಗಳಲ್ಲೂ ಗುಜರಾತಿನ ವಡೋದರಾ ಜಿಲ್ಲೆಯಲ್ಲೂ 10ರಿಂದ 14 ವರ್ಷದ ಹುಡುಗಿಯರಿಗೆ ಲಸಿಕೆ ಹಾಕುವ ಪ್ರಾಯೋಗಿಕ ಯೋಜನೆ ಶುರುವಾಯಿತು. ನಡೆಸಿದ್ದು ಅಮೆರಿಕದ ಪಾತ್ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಜ್ಯ ಸರ್ಕಾರಗಳ ಜತೆಗೂಡಿ. ಲಸಿಕೆಯನ್ನು ತಯಾರಕರೇ ಉಚಿತವಾಗಿ ಕೊಟ್ಟರು. ಭದ್ರಾಚಲಂ ಸುತ್ತ ಲಸಿಕೆ ಪಡೆದವರಲ್ಲಿ ಆಶ್ರಮ ಶಾಲೆಯ ಹಾಸ್ಟೆಲುಗಳಲ್ಲಿದ್ದ ಬುಡಕಟ್ಟಿನ ಹುಡುಗಿಯರು ಬಹಳ. ಆಂಧ್ರ, ಗುಜರಾತ್ ಸೇರಿ ಏಳು ಹುಡುಗಿಯರ ಸಾವು ವರದಿಯಾಗಿ, ಮಹಿಳಾ ಸಂಘಟನೆಗಳು ದನಿಯೆತ್ತಿದ ಮೇಲೆ, 2010ರ ಏಪ್ರಿಲ್‌ನಲ್ಲಿ ಯೋಜನೆ ನಿಂತಿತು. ಸಾವುಗಳಿಗೆ ಲಸಿಕೆ ಕಾರಣವಲ್ಲವೆಂದು ತನಿಖಾ ಸಮಿತಿ ಹೇಳಿತು. ಹಾವು ಕಚ್ಚಿದ್ದು, ನೀರಿಗೆ ಬಿದ್ದದ್ದು, ಕೀಟನಾಶಕ ಕುಡಿದದ್ದು ಅದರ ಪಟ್ಟಿಯಲ್ಲಿದ್ದವು. ಆ ತೀರ್ಮಾನವನ್ನು ಅನುಮಾನಿಸಲು ನನಗೆ ಕಾರಣ ಕಾಣುವುದಿಲ್ಲ.

ಆದರೆ ಒಪ್ಪಿಗೆ ಪತ್ರಗಳ ಕಥೆ ಬೇರೆ. ಸಂಸತ್ತಿನ ಸ್ಥಾಯಿ ಸಮಿತಿಯ 2013ರ ವರದಿಯಲ್ಲಿ ಅದರ ಲೆಕ್ಕವಿದೆ. ಆಂಧ್ರದ 9,543 ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. 1,948 ಪತ್ರಗಳಲ್ಲಿದ್ದದ್ದು ಹೆಬ್ಬೆಟ್ಟು. ಊರಲ್ಲಿದ್ದ ತಾಯಿಗೆ ಮಗಳಿಗೆ ಯಾವ ಸೂಜಿ ಹಾಕಿದರೆಂದು ಗೊತ್ತಿರಬೇಕೆಂದೇ ಇರಲಿಲ್ಲ. ಈ ತಾಯಂದಿರ 'ಧೋರಣೆ' ಏನಿತ್ತು ಎಂದು ಯಾವ ಸಮೀಕ್ಷೆ ಹೇಳೀತು? ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಅಲ್ಲಿ ಸಂಸದೀಯ ಸಮಿತಿಯ ವರದಿಯನ್ನು ನ್ಯಾಯಾಲಯ ಆಧಾರವಾಗಿ ಬಳಸಬಹುದೇ ಎಂಬ ಸಂವಿಧಾನದ ಪ್ರಶ್ನೆಯೇ ದೊಡ್ಡದಾಗಿ, 2018ರಲ್ಲಿ ಸಂವಿಧಾನ ಪೀಠದಿಂದ ಅದಕ್ಕೆ ತೀರ್ಪು ಬಂತು. ಹುಡುಗಿಯರಲ್ಲಿ ಹೆಚ್ಚಿನವರು ಆ ಹೊತ್ತಿಗೆ ಇಪ್ಪತ್ತು ದಾಟಿದ್ದರು.

ಖಮ್ಮಂ ಯೋಜನೆಯನ್ನು ನಿಲ್ಲಿಸಿದ 2010ರ ಏಪ್ರಿಲ್ ಆದೇಶವೇ ಇನ್ನೊಂದು ಅಧ್ಯಯನವನ್ನೂ ನಿಲ್ಲಿಸಿತು. ಎರಡು ಡೋಸು ಸಾಕೋ ಮೂರು ಬೇಕೋ ಎಂದು ನೋಡಲು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಭಾರತದ ಹಲವು ಕೇಂದ್ರಗಳಲ್ಲಿ ಹುಡುಗಿಯರಿಗೆ ಲಸಿಕೆ ಹಾಕಿಸುತ್ತಿತ್ತು. ಕೆಲಸ ನಡುವೆಯೇ ನಿಂತದ್ದರಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಹುಡುಗಿಯರಿಗೆ ಸಿಕ್ಕಿದ್ದು ಒಂದೇ ಡೋಸು. ಹತ್ತು ವರ್ಷ ಬೆನ್ನುಹತ್ತಿ ನೋಡಿದಾಗ, 16 ಮತ್ತು 18ರ ನೆಲೆನಿಂತ ಸೋಂಕಿನ ವಿರುದ್ಧ ಆ ಒಂದು ಡೋಸಿನ ರಕ್ಷಣೆ ಶೇ. 95ರಷ್ಟಿತ್ತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶವೂ, 2022ರಲ್ಲಿ ಒಂದು ಡೋಸೂ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಲು ಇದ್ದ ಆಧಾರಗಳಲ್ಲೊಂದು. ಅರ್ಧಕ್ಕೆ ಬಿಟ್ಟ ಕೆಲಸದಿಂದ ಜಗತ್ತಿನ ಬಡದೇಶಗಳ ಖರ್ಚು ಇಳಿಯಿತು. ಹಾಗೆಂದು ಖಮ್ಮಂನ ಒಪ್ಪಿಗೆ ಪತ್ರಗಳಿಗೆ ಇದು ಸಮಾಧಾನವಾಗಲಾರದು.

2018ರಲ್ಲಿ ಸಿಕ್ಕಿಂ ಬೇರೆ ದಾರಿ ಹಿಡಿಯಿತು. 9ರಿಂದ 14ರ ಹುಡುಗಿಯರಿಗೆ ಶಾಲೆಗಳಲ್ಲೇ ಲಸಿಕೆ ಹಾಕುವ ಮೊದಲು ಶಿಕ್ಷಕರನ್ನು, ಆರೋಗ್ಯ ಸಿಬ್ಬಂದಿಯನ್ನು ತಯಾರುಮಾಡಿ, ಪೋಷಕರನ್ನು ಕರೆದು ಮಾತಾಡಿಸಿತು. ಮೊದಲ ಡೋಸು ಶೇ. 97ರಷ್ಟು ಹುಡುಗಿಯರನ್ನು ಮುಟ್ಟಿತು. ಚಿಕ್ಕ ರಾಜ್ಯ, ಶಾಲೆ ಬಿಟ್ಟವರು ಕಡಿಮೆ ಎಂಬ ಅನುಕೂಲ ಇದ್ದದ್ದು ನಿಜ. ಆದರೂ ಅಲ್ಲಿನ ತಾಯಂದಿರಿಗೆ ವೈರಾಣುವಿನ ಬಗೆಗಳು ಬಾಯಿಪಾಠವಾಗಿದ್ದವು ಎಂದು ನಂಬುವುದು ಕಷ್ಟ. ತಿಳಿವಳಿಕೆಯೇ ಎಲ್ಲವೂ ಆಗಿದ್ದರೆ ಜಪಾನಿನಲ್ಲಿ ನಡೆದದ್ದು ನಡೆಯುತ್ತಿರಲಿಲ್ಲ. ಅಡ್ಡಪರಿಣಾಮದ ಸುದ್ದಿಗಳು ಹಬ್ಬಿ 2013ರ ಜೂನ್‌ನಲ್ಲಿ ಸರ್ಕಾರ ತನ್ನ ಸಕ್ರಿಯ ಶಿಫಾರಸನ್ನು ತಡೆಹಿಡಿದದ್ದೇ, ಸುಮಾರು ಶೇ. 70ರಷ್ಟಿದ್ದ ಲಸಿಕೆ ಪ್ರಮಾಣ ಶೇ. 1ಕ್ಕಿಂತ ಕೆಳಗೆ ಕುಸಿಯಿತು. ಶಿಫಾರಸು ಮತ್ತೆ ಬಂದದ್ದು 2022ರ ಏಪ್ರಿಲ್‌ನಲ್ಲಿ. ಓದುಬರಹದಲ್ಲಿ ಮುಂದಿರುವ ದೇಶವದು.

ಕರ್ನಾಟಕಕ್ಕೂ ಇಂಥ ಸುದ್ದಿಗಳ ರುಚಿ ಗೊತ್ತು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶಾಲೆಗಳಿಗೆ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಗಾಳಿಮಾತುಗಳಿಗೆ ಉತ್ತರ ಹೇಳಬೇಕಾದವರು ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆಯರು. ಬಸುರಿಯಾಗಿದ್ದಾಗ ತಾಯಿ ಕಾರ್ಡ್ ತುಂಬಿಸಿಕೊಟ್ಟ ಆಶಾ ಹೇಳುವ ಮಾತಿಗೂ ಟಿವಿ ಜಾಹೀರಾತಿಗೂ ತೂಕ ಒಂದೇ ಅಲ್ಲ. ಜಾಹೀರಾತಿನ ಅತಿರೇಕವನ್ನೂ ನೋಡಿದ್ದಾಯಿತು: 2024ರ ಫೆಬ್ರುವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ ಈ ಲಸಿಕೆಗೆ ಪ್ರೋತ್ಸಾಹದ ಮಾತು ಬಂದ ಮರುದಿನ, ನಟಿ ಪೂನಂ ಪಾಂಡೆ ಗರ್ಭಕೊರಳಿನ ಕ್ಯಾನ್ಸರಿನಿಂದ ಸತ್ತರೆಂಬ ಸುದ್ದಿ ಹಬ್ಬಿತು. ಅದಾದ ಮರುದಿನ ಅವರೇ ಕಾಣಿಸಿಕೊಂಡು, ಅರಿವು ಮೂಡಿಸಲು ಹಾಗೆ ಮಾಡಿದೆ ಎಂದರು. ರೋಗದ ಹೆಸರು ದೇಶವಿಡೀ ಕೇಳಿಸಿತು. 'ಹೆಸರು ಕೇಳಿದ್ದೀರಾ' ಎಂಬ ಪ್ರಶ್ನೆಗೆ ಆ ವಾರ ಎಲ್ಲರಿಗೂ ಒಳ್ಳೆಯ ಅಂಕ ಬರುತ್ತಿತ್ತೇನೋ.

ಹೂಂ ಎಂದ ತಾಯಿ ಅಂಗಡಿಗೆ ಹೋದರೆ ಬೆಲೆ ಎದುರಾಗುತ್ತದೆ. ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಖಾಸಗಿ ಮಾರುಕಟ್ಟೆಗೆ ಬಂದದ್ದು ಡೋಸಿಗೆ 2,000 ರೂಪಾಯಿಗೆ. ವಿದೇಶಿ ಲಸಿಕೆಗಳಿಗಿಂತ ಅಗ್ಗವೇ. 2024-25ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 349 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಒಂದು ಡೋಸಿಗೆ ಸುಮಾರು ಆರು ದಿನದ ಕೂಲಿ. ಬೆಲೆ ನೋಡಿ ತಾಯಿ ಹಿಂದೆ ಸರಿದರೆ ಅದನ್ನು 'ಧೋರಣೆ'ಯ ಕೋಷ್ಟಕದಲ್ಲಿ ಹಿಂಜರಿಕೆಯೆಂದು ಬರೆಯುವುದು ತಪ್ಪು.

ಇನ್ನು ತಾಯಿಯದೇ ವಿಷಯ. ಮಗಳ ಲಸಿಕೆಗೆ ಸಹಿ ಹಾಕುವ ಮೂವತ್ತೈದು, ನಲವತ್ತರ ಹೆಂಗಸಿಗೆ ಲಸಿಕೆಯಿಂದ ಆಗುವ ಪ್ರಯೋಜನ ಅಲ್ಪ. ಆಕೆಗೆ ಬೇಕಾದದ್ದು ತಪಾಸಣೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ಶೇ. 1.9 ಮಾತ್ರ. ತಪಾಸಣೆಯಿಂದ ಏನಾಗುತ್ತದೆಂದು ತೋರಿಸಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಅಂದಿನ ಉಸ್ಮಾನಾಬಾದ್ ಜಿಲ್ಲೆಯೇ. 1.3 ಲಕ್ಷಕ್ಕೂ ಹೆಚ್ಚು ಮಹಿಳೆಯರ ಆ ಅಧ್ಯಯನದಲ್ಲಿ, ಒಂದೇ ಸುತ್ತಿನ ಎಚ್‌ಪಿವಿ ಪರೀಕ್ಷೆ ಮರಣವನ್ನು ಅರ್ಧದಷ್ಟಕ್ಕೆ ಇಳಿಸಿತು. ಹೋಲಿಕೆಗಾಗಿ ತಪಾಸಣೆಯಿಲ್ಲದೆ ಇಟ್ಟ ಗುಂಪಿನಲ್ಲಿ 64 ಮಂದಿ ತೀರಿಕೊಂಡರು, ಪರೀಕ್ಷೆಯಾದ ಗುಂಪಿನಲ್ಲಿ 34. ಆ ಹೋಲಿಕೆಯ ನೈತಿಕತೆಯನ್ನು ಪ್ರಶ್ನಿಸಿದವರ ಮಾತಿನಲ್ಲಿ ಹುರುಳಿದೆ. ಫಲಿತಾಂಶ ಪ್ರಕಟವಾದದ್ದು 2009ರಲ್ಲಿ, ಖಮ್ಮಂನ ಯೋಜನೆ ಶುರುವಾದ ವರ್ಷವೇ. ಬಿಳಿ ಹೋಗುವುದು, ಮುಟ್ಟು ನಿಂತ ಮೇಲೂ ರಕ್ತ ಕಾಣಿಸುವುದು ಇಂಥವನ್ನು ಯಾರ ಹತ್ತಿರವೂ ಹೇಳದೆ ಸಹಿಸಿಕೊಂಡಿರುವ ತಾಯಿ ಮಗಳ ಲಸಿಕೆಗೆಂದು ಶಾಲೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಬರುವ ದಿನ, ಅವಳನ್ನೂ ಒಳಗೆ ಕರೆದು ಕೂರಿಸಲು ಒಬ್ಬ ನರ್ಸು, ಒಂದು ಪರದೆ, ಮಾದರಿ ತೆಗೆಯುವ ಒಂದು ಕಿಟ್ ಇದ್ದರೆ ಸಾಕು. ಮುಂದಿನ ಸಮೀಕ್ಷೆಗಳು ಅಂಥ ದಿನ ಎಷ್ಟು ತಾಯಂದಿರು ಪರದೆಯ ಒಳಗೆ ಹೋದರು, ಹೋಗದವರು ಏನು ಕಾರಣ ಹೇಳಿದರು ಎಂದು ಎಣಿಸಲಿ.