ಏಕತಾರಿಯಿಂದ ಗಿಟಾರಿನವರೆಗೆ: ‘ಅಂತರಾಗ್ನಿ’ ಧ್ವನಿಸಂಪುಟದ ಕಥೆ

ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಪದವೆಂದರೆ ಬಾಯಿಂದ ಬಾಯಿಗೆ ಇಳಿದು ಬಂದ ಆಸ್ತಿ. ಚಳ್ಳಕೆರೆ ಕಡೆಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಆದರೂ ಸಾವಿರಾರು ಪದಗಳು ಅವರ ಕಂಠದಲ್ಲಿ ನೆಲೆಸಿದ್ದವು. ಹರಿಯಬ್ಬೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇಂತಹ ಪದವು ಧ್ವನಿಮುದ್ರಣದ ಕೊಠಡಿಯನ್ನು ಹೊಕ್ಕು ಪಾಶ್ಚಾತ್ಯ ವಾದ್ಯಗಳ ನಡುವೆ ನಿಂತರೆ ಅದರ ಗತಿಯೇನು ಎಂಬುದೇ ಪ್ರಶ್ನೆ. 2008ರಲ್ಲಿ ಹೊರಬಂದ ‘ಅಂತರಾಗ್ನಿ’ ಎಂಬ ಧ್ವನಿಸಂಪುಟವು ಈ ಪ್ರಶ್ನೆಯನ್ನು ಕನ್ನಡಿಗರ ಮುಂದಿಟ್ಟಿತು.

ಸಂಪುಟದ ಮೂಲವನ್ನರಿಯಲು ಶಿಶುವಿನಹಾಳಕ್ಕೆ ಹೋಗಬೇಕು. ಇಂದಿನ ಹಾವೇರಿ ಜಿಲ್ಲೆಯ ಆ ಊರಿನಲ್ಲಿ 1819ರಲ್ಲಿ ಜನಿಸಿದ ಶರೀಫರು ಮುಸಲ್ಮಾನ ಮನೆತನದವರು. ಗುರುವೋ, ಕಳಸದ ಬ್ರಾಹ್ಮಣರಾದ ಗೋವಿಂದಭಟ್ಟರು. ಜಾತಿಯ ಕಟ್ಟು ಬಿಗಿಯಾಗಿದ್ದ ಆ ಕಾಲದಲ್ಲಿ ಈ ಗುರುಶಿಷ್ಯರ ಬಾಂಧವ್ಯ ಸಾಮಾನ್ಯ ಸಂಗತಿಯಲ್ಲ. 1889ರಲ್ಲಿ ಶರೀಫರು ತೀರಿಕೊಂಡ ಮೇಲೂ ಅವರ ತತ್ತ್ವಪದಗಳು ಏಕತಾರಿ, ದಮ್ಮಡಿಗಳ ಜೊತೆ ಭಜನೆಯ ಮೇಳಗಳಲ್ಲಿ ಉಳಿದುವು. ನಗರದ ಮನೆಮನೆಗಳಿಗೆ ಅವನ್ನು ಮುಟ್ಟಿಸಿದವರಲ್ಲಿ ಸಿ. ಅಶ್ವತ್ಥರು ಪ್ರಮುಖರು. 1990ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಅವರದೇ ಸಂಗೀತ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವೀಧರರು. ಭರತನಾಟ್ಯವನ್ನೂ ಕ್ರಮವಾಗಿ ಅಭ್ಯಸಿಸಿದವರು. ಗಿಟಾರು ಅವರ ಕೈಗೆ ತಡವಾಗಿ ಬಂದಿತು. ಮೊದಲು ‘ಅಂತರಾಗ್ನಿ’ ಎಂಬ ಹೆಸರಿನ ಮೇಳವಿತ್ತು. ಅದು ಚದುರಿದ ಬಳಿಕ ‘ರಘು ದೀಕ್ಷಿತ್ ಪ್ರಾಜೆಕ್ಟ್’ ರೂಪುಗೊಂಡಿತು. ಧ್ವನಿಸಂಪುಟವೊಂದನ್ನು ತರಲು ಹಲವು ವರ್ಷ ಯಾವ ಕಂಪನಿಯೂ ಮುಂದಾಗಲಿಲ್ಲ. ಕಡೆಗೆ ಹಿಂದೀ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಮ್ಮದೇ ಸಂಸ್ಥೆಯ ಮೂಲಕ ಅದನ್ನು ಹೊರತಂದರು. ಚದುರಿದ ಮೇಳದ ಹೆಸರೇ ಸಂಪುಟದ ಹೆಸರಾಯಿತು.

ಎಂಟು ಹಾಡುಗಳ ಆ ಸಂಪುಟದಲ್ಲಿ ಹಿಂದೀ, ಕನ್ನಡ, ಇಂಗ್ಲಿಷು ಮೂರೂ ಇದ್ದುವು. ನಮ್ಮ ಗಮನಕ್ಕೆ ಮುಖ್ಯವಾದವು ಶರೀಫರ ಎರಡು ಪದಗಳು. ಒಂದು, ಗುಡುಗುಡಿ ಸೇದುವ ನಿತ್ಯದ ಚಟವನ್ನೇ ರೂಪಕವಾಗಿಸಿ ಒಳಗಿನ ಮೋಹವನ್ನು ಸುಡುವ ಸಾಧನೆಯನ್ನು ಹೇಳುವಂತಹದು. ಇನ್ನೊಂದು, ಮಳೆನೀರು ಒಳಗಿಳಿಯುತ್ತಿದ್ದರೂ ದುರಸ್ತಿಗೆ ಏಳದ ಮನುಷ್ಯನ ಅರಿವುಗೇಡಿತನವನ್ನು ಮಾಳಿಗೆಯ ನೆವದಿಂದ ತೋರಿಸುವಂತಹದು. ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲ ಕಳೆದವರಿಗೆ ಅದರ ಅರ್ಥವನ್ನು ಪಂಡಿತರು ಬಂದು ಹೇಳಬೇಕಾಗಿಲ್ಲ.

ಸಂಪುಟಕ್ಕೆ ದೊರೆತ ಸ್ವಾಗತ ವಿಲಕ್ಷಣವಾದುದು. ಕರ್ನಾಟಕದ ಸಾಮಾನ್ಯ ಶ್ರೋತೃಗಳಿಗೆ ದೀಕ್ಷಿತರು ಹೆಚ್ಚಾಗಿ ಪರಿಚಿತರಾದುದು ಅದೇ 2008ರ ‘ಸೈಕೋ’ ಚಿತ್ರದ ಮಾದೇಶ್ವರನ ಹಾಡಿನಿಂದ. ಇತ್ತ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡರ ದೂರದರ್ಶನ ಕಾರ್ಯಕ್ರಮದಲ್ಲಿ ಮೇಳವು ಹಾಡಿದ ಮೇಲೆ ‘ಅಂತರಾಗ್ನಿ’ಯು ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ಅಗ್ರಸ್ಥಾನಕ್ಕೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯು ಉದಯೋನ್ಮುಖ ಕಲಾವಿದರ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯೂ ಒದಗಿತು. ಬಣ್ಣದ ಲುಂಗಿಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿದ ಗಾಯಕನೊಡನೆ ಕನ್ನಡದ ಒಂದು ಮಾತೂ ಅರಿಯದ ಜನ ಕುಣಿದರು.

ಕುಣಿತದಲ್ಲಿ ತತ್ತ್ವವು ಕಳೆದುಹೋಗುವುದಿಲ್ಲವೇ ಎಂಬ ಶಂಕೆ ಅಲಕ್ಷಿಸತಕ್ಕದ್ದಲ್ಲ. ಗುಡುಗುಡಿಯ ಪದವನ್ನು ಬರಿಯ ಹೊಗೆಯ ಹಾಡೆಂದು ತಿಳಿದ ತರುಣರೂ ಇದ್ದಿರಬಹುದು. ಏಕತಾರಿಯ ಏಕಾಂತ ಈ ಅಬ್ಬರದಲ್ಲಿ ಇಲ್ಲವೆಂಬುದನ್ನೂ ಒಪ್ಪಬೇಕು. 1963ರಲ್ಲಿ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ಆಯಾ ನಾಡಿನ ಸಂಗೀತಕ್ಕೆ ಎಡೆಮಾಡಿಕೊಟ್ಟಾಗ ವಾದ್ಯಗಳ ಯೋಗ್ಯಾಯೋಗ್ಯತೆಯ ಚರ್ಚೆ ನಮ್ಮವರಿಗೂ ಹೊಸದಾಗಿ ಉಳಿಯಲಿಲ್ಲ. ಆದರೆ ಶರೀಫರು ತಾವೇ ಸಂತೆಬೀದಿಯ ವಸ್ತುಗಳನ್ನೂ ಆಡುಮಾತನ್ನೂ ಬಳಸಿ ಪದ ಕಟ್ಟಿದವರು; ಅವರ ಪದವನ್ನು ಗಾಜಿನ ಕಪಾಟಿನಲ್ಲಿ ಕಾಪಾಡಹೊರಡುವುದು ಸರಿಯಲ್ಲವೆಂದು ಈ ಲೇಖಕನ ಅಭಿಪ್ರಾಯ. ಮಾಳಿಗೆಯ ಪದದಲ್ಲಿ ದೀಕ್ಷಿತರ ಕಂಠವು ತಗ್ಗಿ ಮಾತುಗಳಿಗೆ ದಾರಿಬಿಡುತ್ತದೆ. ಗುಡುಗುಡಿಯಲ್ಲಿ ತಾಳವೇ ಮುಂದಾಗುತ್ತದೆ. ಮೊದಲನೆಯದೇ ನನಗೆ ಹೆಚ್ಚು ಹಿಡಿಸಿತು.

2013ರಲ್ಲಿ ಇದೇ ಮೇಳದ ಎರಡನೆಯ ಸಂಪುಟ ‘ಜಗ್ ಚಂಗಾ’ ಹೊರಬಂದಾಗ ಅದರಲ್ಲಿಯೂ ಶರೀಫರ ಪದವೊಂದು ಸೇರಿತ್ತು: ಲೋಕದ ಕಾಳಜಿಯನ್ನು ಕುರಿತದ್ದು.